ಪಕ್ಕದ ಪಾಲಿನ ಕಾದಿಗೆ

(ಮಳೆಗಾಲಕ್ಕೆ ಮುನ್ನ ಸೇರಿದ ಬೆಳೆಗಾರರ ಹಾಗೂ ವಿದ್ಯಾರ್ಥಿಗಳ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನಲ್ಲಿ ಮನೆತನವೊಂದು ಪಾಲಾಗುವ ದಿನ ಹಿರಿಯರು ಜಗುಲಿಯಲ್ಲಿ ಕುಳಿತು ಬಹಳ ಎಚ್ಚರದಿಂದ ಲೆಕ್ಕ ಹಾಕುತ್ತಾರೆ. ಫಲ ಕೊಡುವ ಅಡಿಕೆ ಮರಗಳೆಷ್ಟು, ಎಳೆಯ ಸಸಿಗಳೆಷ್ಟು, ಮೆಣಸಿನ ಬಳ್ಳಿ ಎಷ್ಟು ಮರಗಳಿಗೆ ಹಬ್ಬಿದೆ, ಸೊಪ್ಪಿನ ಬೆಟ್ಟದಲ್ಲಿ ಯಾರಿಗೆ ಯಾವ ಭಾಗ, ಕೆರೆಯ ನೀರು ಯಾರಿಗೆ ವಾರದಲ್ಲಿ ಎಷ್ಟು ದಿನ, ಎಲ್ಲವೂ ಪಾಲುಪಟ್ಟಿಯಲ್ಲಿ ದಾಖಲಾಗುತ್ತದೆ. ಹಿತ್ತಾಳೆಯ ಹಂಡೆಯೂ ಬಿಟ್ಟುಹೋಗುವುದಿಲ್ಲ. ಕಾದಿಗೆಯ ಮಾತು ಮಾತ್ರ ಬಹುತೇಕ ಪಾಲುಪಟ್ಟಿಗಳಲ್ಲಿ ಇರುವುದಿಲ್ಲ. ಮೇಲಿನ ಪಾಲಿನ ನೀರು ಕೆಳಗಿನ ಪಾಲಿನೊಳಗಿಂದಲೇ ಹಳ್ಳಕ್ಕೆ ಇಳಿಯಬೇಕು ಎಂಬುದು ಅಂದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಗೊತ್ತಿದ್ದುದರಿಂದಲೇ ಅದನ್ನು ಯಾರೂ ಬರೆಯಲಿಲ್ಲ. ಒಂದು ತಲೆಮಾರು ಕಳೆದ ಮೇಲೆ, ಬರೆಯದೆ ಬಿಟ್ಟ ಆ ಒಂದು ಸಾಲಿನಿಂದ ಅಣ್ಣತಮ್ಮಂದಿರ ಮಕ್ಕಳು ಮಾತು ಬಿಡುತ್ತಾರೆ.

ಈ ಕೂಟದ ವಿಷಯ ಅಂಥ ತೋಟ. ಒಂದೇ ಕಣಿವೆ, ಒಂದೇ ನೀರು, ಇಬ್ಬರು ಒಡೆಯರು. ಒಬ್ಬರು ತೋಟವನ್ನು ಕಣ್ಣಿನಂತೆ ನೋಡಿಕೊಳ್ಳುತ್ತಾರೆ, ಇನ್ನೊಬ್ಬರ ಭಾಗ ಹಾಳು ಬಿದ್ದಿದೆ. ನೋಡಿಕೊಳ್ಳುವವರು ತಮ್ಮ ಅರ್ಧವನ್ನು ಎಷ್ಟರ ಮಟ್ಟಿಗೆ ಸುಧಾರಿಸಬಹುದು, ಎಲ್ಲಿಂದ ಮುಂದೆ ಪಕ್ಕದವರನ್ನು ಕೇಳದೆ ಗತ್ಯಂತರವಿಲ್ಲ, ಕೇಳುವುದಾದರೆ ಏನನ್ನು ಕೇಳಬೇಕು ಎಂಬುದು ಪ್ರಶ್ನೆ.

ವಿದ್ಯಾರ್ಥಿಗಳ ಸಲುವಾಗಿ ತೋಟದ ರಚನೆಯನ್ನು ಸ್ವಲ್ಪ ವಿವರಿಸುವುದು ಅಗತ್ಯ. ಶಿರಸಿ, ಸಿದ್ದಾಪುರ, ಸಾಗರ, ಶೃಂಗೇರಿ, ಕೊಪ್ಪ ಮೊದಲಾದ ಕಡೆಗಳ ಹಳೆಯ ತೋಟಗಳು ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿವೆ. ಬೇಸಗೆಯಲ್ಲಿ ತಂಪು ಸಿಗಲಿ, ಗುಡ್ಡದ ಒರತೆ ನೀರು ಸಿಗಲಿ ಎಂದು ಹಿರಿಯರು ಆ ಜಾಗವನ್ನು ಆರಿಸಿದರು. ಆದರೆ ವರ್ಷಕ್ಕೆ ಎರಡೂವರೆ ಮೂರು ಸಾವಿರ ಮಿಲಿಮೀಟರ್ ಮಳೆ ಬೀಳುವ ಸೀಮೆಯಲ್ಲಿ ತಗ್ಗು ಎಂದರೆ ಮಳೆಗಾಲದಲ್ಲಿ ಕೆರೆಯೇ ಸರಿ. ಅಡಿಕೆಯ ಬೇರಿಗೆ ನೀರು ಬೇಕು, ನಿಂತ ನೀರು ಆಗದು. ಅದಕ್ಕಾಗಿ ಎರಡು ಸಾಲು ಮರಗಳಿಗೆ ಒಂದರಂತೆ ಆಳವಾದ ಕಾದಿಗೆಗಳನ್ನು ತೆಗೆದು, ಅವೆಲ್ಲವನ್ನೂ ನಡುವಿನ ಹಿರಿಯ ಬಸಿಗಾಲುವೆಗೆ ಕೂಡಿಸಿ, ಆ ಕಾಲುವೆಯನ್ನು ಹಳ್ಳಕ್ಕೆ ಬಿಟ್ಟರು. ಕಾದಿಗೆಯ ತಳವು ಮರದ ಬೇರಿನ ಮಟ್ಟಕ್ಕಿಂತ ಸುಮಾರು ಒಂದಡಿಯಾದರೂ ಕೆಳಗಿರಬೇಕು. ಎಕರೆಯೊಂದಕ್ಕೆ ಐನೂರೈವತ್ತರಷ್ಟು ಮರಗಳು ನಿಂತ ತೋಟ ಉಸಿರಾಡುವುದು ಈ ಕಾದಿಗೆಗಳ ಮೂಲಕ.

ಒಂದು ತೋಟವನ್ನು ಕಲ್ಪಿಸಿಕೊಳ್ಳೋಣ. ಎರಡು ಎಕರೆ. ಮೇಲಿನ ಎಕರೆ ಊರಿನಲ್ಲಿಯೇ ಉಳಿದ ತಮ್ಮನದು, ಕೆಳಗಿನ ಎಕರೆ ನಗರ ಸೇರಿದ ಅಣ್ಣನದು. ಅಣ್ಣನ ಪಾಲಿನಲ್ಲಿ ಕಾದಿಗೆ ತೆಗೆದು ಐದಾರು ವರ್ಷಗಳಾಗಿವೆ. ಹೂಳು, ಬಿದ್ದ ಸೋಗೆ, ಹಾಳೆ, ಕೆಸವು, ಕಳೆ ಎಲ್ಲವೂ ಸೇರಿ ಬಸಿಗಾಲುವೆ ಮೊಣಕಾಲಿನಷ್ಟೂ ಆಳ ಉಳಿದಿಲ್ಲ. ತಮ್ಮ ಪ್ರತಿ ವರ್ಷ ತನ್ನ ಕಾದಿಗೆಯನ್ನು ಕನ್ನಡಿಯಂತೆ ತೆಗೆಸುತ್ತಾನೆ. ಆರಿದ್ರಾ ಮಳೆ ಹಿಡಿದ ಮೂರನೆಯ ದಿನ ಅವನ ಕಾದಿಗೆಯ ನೀರು ಹರಿಯುವುದನ್ನು ನಿಲ್ಲಿಸುತ್ತದೆ. ಕೆಳಗೆ ದಾರಿಯಿಲ್ಲದ ನೀರು ಮೇಲಕ್ಕೆ ಏರುತ್ತದೆ. ಮೊದಲು ಗಡಿಯ ಎರಡು ಸಾಲು, ಪುನರ್ವಸು ಮಳೆಯ ಹೊತ್ತಿಗೆ ಆರೇಳು ಸಾಲು. ತಮ್ಮ ಖರ್ಚು ಮಾಡಿ ತೆಗೆಸಿದ ಕಾದಿಗೆಯೇ ನೀರು ತುಂಬಿಟ್ಟುಕೊಳ್ಳುವ ಹೊಂಡವಾಗುತ್ತದೆ.

ಇದರ ಪರಿಣಾಮ ಆ ವರ್ಷವೇ ಕಾಣುವುದಿಲ್ಲ. ಮೊದಲಿಗೆ ಹೋಗುವುದು ಮೆಣಸಿನ ಬಳ್ಳಿ. ನೀರು ನಿಂತ ಬುಡದಲ್ಲಿ ಸೊರಗು ರೋಗದ ಸೂಕ್ಷ್ಮಜೀವಿ ಬೇರನ್ನೂ ಬುಡವನ್ನೂ ಕೊಳೆಯಿಸುತ್ತದೆ. ಹಸಿರಾಗಿದ್ದ ಬಳ್ಳಿ ಕೆಲವೇ ವಾರಗಳಲ್ಲಿ ಎಲೆ ಉದುರಿಸಿ ಒಣಗುತ್ತದೆ. ಅಡಿಕೆ ಮರ ನಿಧಾನ. ಬೇರು ಕೊಳೆತು, ಸೋಗೆ ಹಳದಿಯಾಗಿ, ತಲೆ ಸಣ್ಣದಾಗಿ, ಸಿಂಗಾರ ಕಡಿಮೆಯಾಗುತ್ತ ನಾಲ್ಕೈದು ವರ್ಷ ಎಳೆಯುತ್ತದೆ. ಬೇರುಹುಳುವಿನ ಕಾಟವಿರುವ ಸೀಮೆಯಲ್ಲಿ, ನೀರು ನಿಂತು ಸೋತ ಬೇರಿಗೆ ಹುಳುವಿನ ಹಾನಿಯೂ ಸೇರಿದರೆ ಮರ ಚೇತರಿಸಿಕೊಳ್ಳುವುದು ದುರ್ಲಭ.

ಇಲ್ಲಿ ಒಂದು ಎಚ್ಚರಿಕೆ. ಸೋಗೆ ಹಳದಿಯಾದದ್ದೆಲ್ಲ ಪಕ್ಕದವರ ಕಾದಿಗೆಯಿಂದಲ್ಲ. ಶೃಂಗೇರಿ, ಕೊಪ್ಪ, ಸುಳ್ಯ ಭಾಗಗಳನ್ನು ದಶಕಗಳಿಂದ ಕಾಡುತ್ತಿರುವ ಹಳದಿ ಎಲೆ ರೋಗಕ್ಕೆ ಕಾರಣ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ. ಜಿಗಿಹುಳುವೊಂದು ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ಅದಕ್ಕೆ ಔಷಧವಿಲ್ಲ, ಒಳ್ಳೆಯ ಪೋಷಣೆಯಿಂದ ಮರದ ಆಯುಷ್ಯವನ್ನು ಕೊಂಚ ಹಿಗ್ಗಿಸಬಹುದಷ್ಟೆ. ದೂರು ಹೊತ್ತುಕೊಂಡು ಪಕ್ಕದ ಮನೆಯ ಅಂಗಳಕ್ಕೆ ಹೋಗುವ ಮುನ್ನ ತಮ್ಮ ಮರಕ್ಕೆ ಏನಾಗಿದೆ ಎಂಬುದನ್ನು ಬಲ್ಲವರಿಂದ ತಿಳಿದುಕೊಳ್ಳುವುದು ಲೇಸು. ತಪ್ಪು ಆರೋಪ ಹೊತ್ತವರು ಮುಂದೆ ಸರಿಯಾದ ಬೇಡಿಕೆಗೂ ಕಿವಿಗೊಡುವುದಿಲ್ಲ.

ಕೊಳೆರೋಗದ ವಿಷಯದಲ್ಲಿ ಮಾತ್ರ ಪಕ್ಕದ ತೋಟವನ್ನು ಬಿಟ್ಟು ಯೋಚಿಸುವಂತೆಯೇ ಇಲ್ಲ. ಮೈಸೂರು ಸಂಸ್ಥಾನದ ಸೇವೆಗೆ ಬಂದಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಈ ರೋಗದ ಕುರಿತು ಪುಸ್ತಿಕೆ ಪ್ರಕಟಿಸಿದರು. ಅದಕ್ಕೂ ಮುಂಚೆ ಮಲೆನಾಡಿಗರಿಗೆ ತಿಳಿದಿದ್ದ ಉಪಾಯ ಕೊಟ್ಟೆ ಕಟ್ಟುವುದು. ಪ್ರತಿಯೊಂದು ಕೊನೆಗೂ ಮಳೆ ತಾಗದಂತೆ ಹೊದಿಕೆ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಒಗ್ಗಿಸಿದ ಮೇಲೆ ಕೊಟ್ಟೆಯ ಕೆಲಸ ಕಡಿಮೆಯಾಯಿತು. (ಈಚೆಗೆ ಕೊಟ್ಟೆ ಮರಳಿ ಬಂದಿದೆ, ಪ್ಲಾಸ್ಟಿಕ್ಕಿನ ರೂಪದಲ್ಲಿ. ಮಳೆಗಾಲ ಮುಗಿದ ಮೇಲೆ ಆ ಹಾಳೆಗಳು ಯಾರ ಕಾದಿಗೆಯಲ್ಲಿ ಸೇರುತ್ತವೆ ಎಂಬುದನ್ನೂ ನೋಡಬೇಕು.) ಕೊಳೆರೋಗದ ಜೀವಿ ನೀರಿನ ತೆಳುಪದರದಲ್ಲಿ ಈಜಬಲ್ಲದು, ಗಾಳಿಮಳೆಯ ಹನಿಗಳೊಡನೆ ಹಾರಬಲ್ಲದು. ಕೊಯ್ಯದೆ ಬಿಟ್ಟು ಮರದ ತಲೆಯಲ್ಲಿಯೇ ಒಣಗಿದ ಕೊನೆಯಲ್ಲಿ, ಉದುರಿ ಬುಡದಲ್ಲಿ ಕೊಳೆತ ಕಾಯಿಯಲ್ಲಿ ಅದು ಮುಂದಿನ ಮಳೆಗಾಲಕ್ಕಾಗಿ ಕಾಯುತ್ತದೆ. ಅಣ್ಣನ ಪಾಲಿನಲ್ಲಿ ಅಂಥ ಕೊನೆಗಳು ನೂರಾರು. ತಮ್ಮ ಮೃಗಶಿರಕ್ಕೆ ಮೊದಲು ಒಮ್ಮೆ, ನಲವತ್ತರಿಂದ ನಲವತ್ತೈದು ದಿನಗಳ ಮೇಲೆ ಇನ್ನೊಮ್ಮೆ ಔಷಧ ಹೊಡೆಸುತ್ತಾನೆ. ಆಶ್ಲೇಷದಲ್ಲಿ ಗಡಿಯ ಸಾಲಿನ ಕೊನೆಗಳು ಮತ್ತೆ ಉದುರತೊಡಗುತ್ತವೆ. ಆತ ಮೂರನೆಯ ಬಾರಿ ಹೊಡೆಸುತ್ತಾನೆ.

ಪರಿಸರದ ದೃಷ್ಟಿಯಿಂದ ನೋಡಿದರೆ ಈ ಮೂರನೆಯ ಸಿಂಪಡಣೆಯೇ ಚಿಂತೆಯ ಸಂಗತಿ. ಬೋರ್ಡೋ ದ್ರಾವಣದ ತಾಮ್ರ ಕೊಳೆತು ಮಣ್ಣಾಗುವ ವಸ್ತುವಲ್ಲ. ಮಳೆಗೆ ತೊಳೆದು ಕೆಳಗಿಳಿದದ್ದು ಮಣ್ಣಿನಲ್ಲಿಯೇ ಕೂಡುತ್ತ ಹೋಗುತ್ತದೆ, ಎರೆಹುಳುವಿಗೂ ಮಣ್ಣಿನ ಉಪಕಾರಿ ಜೀವಿಗಳಿಗೂ ತೊಂದರೆಯಾಗುತ್ತದೆ. ಒಬ್ಬರು ತೋಟ ಚೊಕ್ಕಟ ಮಾಡದಿರುವುದರ ಬೆಲೆಯನ್ನು ಇನ್ನೊಬ್ಬರ ಮಣ್ಣು ತಾಮ್ರದ ರೂಪದಲ್ಲಿ ತೆರುತ್ತದೆ. ಇದನ್ನು ಯಾವ ಪಾಲುಪಟ್ಟಿಯೂ ಲೆಕ್ಕ ಹಿಡಿದಿಲ್ಲ.

2022ರ ಸುಮಾರಿಗೆ ಮಲೆನಾಡಿನ ಅನೇಕ ಕಡೆ ಉಗ್ರವಾಗಿ ಹಬ್ಬಿದ ಎಲೆಚುಕ್ಕೆ ರೋಗವೂ ಇದೇ ಬಗೆಯದು. ರೋಗ ತಗುಲಿದ ಕೆಳಗಿನ ಸೋಗೆಗಳನ್ನು ಕತ್ತರಿಸಿ ಸುಡದೆ ಬಿಟ್ಟ ತೋಟ ಸುತ್ತಲಿನವರಿಗೆ ರೋಗದ ಕಣಜ. ಒಬ್ಬಂಟಿಯಾಗಿ ಔಷಧ ಹೊಡೆದವರಿಗೆ ಪ್ರಯೋಜನ ಅಲ್ಪವೆಂಬುದನ್ನು ಆ ವರ್ಷಗಳಲ್ಲಿ ಬೆಳೆಗಾರರು ಕಣ್ಣಾರೆ ಕಂಡರು.

ಇನ್ನೊಂದು ಹಾನಿ ಬಿಸಿಲಿನದು. ಅಡಿಕೆಯ ಕಾಂಡ ನೇರ ಬಿಸಿಲನ್ನು ತಾಳುವುದಿಲ್ಲ. ದಕ್ಷಿಣ ಮತ್ತು ಪಶ್ಚಿಮದ ಅಂಚಿನಲ್ಲಿರುವ ಮರಗಳು ಇಳಿಹೊತ್ತಿನ ಬಿಸಿಲಿಗೆ ಸುಟ್ಟು, ಕಾಂಡ ಮೊದಲು ಹೊಂಬಣ್ಣಕ್ಕೆ ತಿರುಗಿ, ಆಮೇಲೆ ಸೀಳುತ್ತವೆ. ಸೀಳಿದ ಮರ ಗಾಳಿಗೆ ಮುರಿಯುತ್ತದೆ. ಇದುವರೆಗೆ ತಮ್ಮನ ಗಡಿಸಾಲಿಗೆ ಅಣ್ಣನ ಮರಗಳೇ ನೆರಳಾಗಿದ್ದವು. ಅಲ್ಲಿ ಹತ್ತು ಮರ ಸತ್ತು ಕಿಂಡಿ ಬಿದ್ದರೆ ಇಲ್ಲಿನ ಸಾಲು ಅಂಚಿನ ಸಾಲಾಗುತ್ತದೆ. ನಾಲ್ಕೈದು ವರ್ಷಗಳಲ್ಲಿ ಅದೂ ಹೋದರೆ ಅದರ ಹಿಂದಿನ ಸಾಲು. ತೋಟ ಅಂಚಿನಿಂದ ಒಳಕ್ಕೆ ಸವೆಯುವುದು ಹೀಗೆ.

ಇಷ್ಟೆಲ್ಲ ಕೇಳಿದ ಮೇಲೆ ಅಣ್ಣನ ಮೇಲೆ ಸಿಟ್ಟು ಬರುವುದು ಸಹಜ. ಆದರೆ ತೋಟ ಯಾಕೆ ಹಾಳು ಬೀಳುತ್ತದೆ ಎಂಬುದನ್ನು ನ್ಯಾಯವಾಗಿ ನೋಡಬೇಕು. ಸೋಮಾರಿತನದಿಂದ ಹಾಳಾದ ತೋಟಗಳು ಕಡಿಮೆ. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ಎಪ್ಪತ್ತು ದಾಟಿದ ತಂದೆತಾಯಿ. ಮರ ಹತ್ತುವ ಕೊನೆಗೌಡನೂ ಮುದುಕನಾಗಿದ್ದಾನೆ, ಅವನ ಮಗ ಆ ಕೆಲಸಕ್ಕೆ ಬಂದಿಲ್ಲ. ಬಾರದಿದ್ದುದರಲ್ಲಿ ತಪ್ಪೂ ಇಲ್ಲ, ಮಳೆಯಲ್ಲಿ ನೆನೆದ ಮರ ಹತ್ತುವುದು ಜೀವದ ಮೇಲಿನ ಕೆಲಸ. ಕಾರ್ಬನ್ ಫೈಬರ್ ದೋಟಿ ಬಂದು ನೆಲದಿಂದಲೇ ಕೊಯ್ಯಲು, ಔಷಧ ಹೊಡೆಯಲು ಸಾಧ್ಯವಾಗಿದೆ ನಿಜ. ಅದಕ್ಕೂ ಪಳಗಿದ ಕೈ ಬೇಕು, ದೋಟಿಯ ಬೆಲೆಯೂ ಕಡಿಮೆಯದಲ್ಲ. ಕೆಲವೆಡೆ ಪಾಲಿನ ವ್ಯಾಜ್ಯ ನ್ಯಾಯಾಲಯದಲ್ಲಿದ್ದು, ಖರ್ಚು ಮಾಡಿದರೆ ಯಾರ ಪಾಲಿಗೆ ಹೋಗುವುದೋ ಎಂದು ಇಬ್ಬರೂ ಕೈಕಟ್ಟಿ ಕುಳಿತಿರುತ್ತಾರೆ.

ಫಸಲು ಗುತ್ತಿಗೆಗೆ ಕೊಟ್ಟ ತೋಟ ಇನ್ನೂ ಮೋಸದ್ದು. ನೋಡಿದರೆ ಯಾರೋ ಓಡಾಡುತ್ತಿರುವಂತೆ ಕಾಣುತ್ತದೆ, ಕೊನೆಯೂ ಇಳಿಯುತ್ತದೆ. ಒಂದು ವರ್ಷದ ಕೊಯಿಲಿಗೆ ಹಣ ಕೊಟ್ಟವನಿಗೆ ಹತ್ತು ವರ್ಷದ ಕಾದಿಗೆಯ ಚಿಂತೆ ಏಕಿರಬೇಕು? ಒಡೆಯ ಅದನ್ನು ಕರಾರಿನಲ್ಲಿ ಬರೆಸಿರುವುದಿಲ್ಲ.

ಇವೆಲ್ಲಕ್ಕಿಂತ ಆಳದಲ್ಲಿರುವುದು ಒಂದು ಹೆದರಿಕೆ. ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು ಗೇಣಿ ಪದ್ಧತಿ ರದ್ದಾಯಿತು, ಉಳುವವರಿಗೆ ಭೂಮಿ ಸಿಕ್ಕಿತು. ತಲೆತಲಾಂತರದಿಂದ ದುಡಿದವರಿಗೆ ಅದು ಸಲ್ಲಬೇಕಾಗಿದ್ದ ನ್ಯಾಯ. ಅದರ ನೆರಳು ಮಾತ್ರ ಇಂದಿಗೂ ಬೇರೆ ರೀತಿಯಲ್ಲಿ ಬೀಳುತ್ತದೆ. ತನ್ನ ತೋಟದಲ್ಲಿ ಇನ್ನೊಬ್ಬರು ಕೈಯಾಡಿಸಿದರೆ ನಾಳೆ ಹಕ್ಕು ಸಾಧಿಸಬಹುದು ಎಂಬ ಶಂಕೆ ದೂರದಲ್ಲಿರುವ ಒಡೆಯರ ಮನಸ್ಸಿನಿಂದ ಹೋಗಿಲ್ಲ. “ನಿನ್ನ ಪಾಲಿನ ಕಾದಿಗೆ ಕೂಡ ತೆಗೆಸುತ್ತೇನೆ ಅಣ್ಣಾ” ಎಂದು ತಮ್ಮ ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು, ಕೇಳುವವರ ಕಿವಿಯಲ್ಲಿ ಬೇರೆಯದೇ ಆಗಿ ಧ್ವನಿಸುವುದುಂಟು. ಈ ಹೆದರಿಕೆಯನ್ನು ಗೇಲಿ ಮಾಡುವ ಬದಲು ಅದಕ್ಕೆ ಸರಿಯಾದ ಉತ್ತರ ಕೊಡುವುದು ಮೇಲು.

ಮೊದಲು ತಮ್ಮ ತನ್ನ ಗಡಿಯೊಳಗೆ ಏನು ಮಾಡಬಹುದೆಂದು ನೋಡೋಣ. ನೀರಿಗೆ ಅಣ್ಣನ ಪಾಲಿನ ಹೊರತು ಬೇರೆ ದಾರಿ ಇದೆಯೇ ಎಂಬುದನ್ನು ಅಳೆದು ನೋಡಬೇಕು. ಕಣ್ಣಳತೆ ಇಲ್ಲಿ ಮೋಸ ಮಾಡುತ್ತದೆ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಎರಡು ಕೋಲುಗಳಿಗೆ ಕಟ್ಟಿ, ಎರಡೂ ತುದಿಯ ಮಟ್ಟ ಓದುತ್ತ ಹೋದರೆ ಒಂದು ಮಧ್ಯಾಹ್ನದಲ್ಲಿ ಇಡೀ ಗಡಿಯ ಇಳಿಜಾರು ತಿಳಿಯುತ್ತದೆ. ಪ್ರೌಢಶಾಲೆಯ ಮಕ್ಕಳು ಮಾಡಬಹುದಾದ ಕೆಲಸ ಇದು, ಶಾಲೆಯ ಪುಸ್ತಕದ ಪಾಠಕ್ಕಿಂತ ಹೆಚ್ಚು ಕಾಲ ನೆನಪಿನಲ್ಲಿಯೂ ಉಳಿಯುತ್ತದೆ. ನೂರು ಅಡಿಗೆ ಅರ್ಧ ಅಡಿ ಇಳಿತ ಸಿಕ್ಕರೂ ದರೆಯ ಬುಡದಲ್ಲಿ ಹೊಸ ಕಾಲುವೆ ತೆಗೆದು ನೀರನ್ನು ಹಳ್ಳಕ್ಕೆ ತಿರುಗಿಸಬಹುದು. ಗುಡ್ಡದಿಂದ ಇಳಿಯುವ ಮಳೆನೀರು ತೋಟಕ್ಕೆ ನುಗ್ಗದಂತೆ ಮೇಲ್ಭಾಗದಲ್ಲಿ ಅಗಳ ಇದ್ದರೆ ಅದನ್ನು ಮೊದಲು ಚೊಕ್ಕಟ ಮಾಡಬೇಕು. ತೋಟದೊಳಗೆ ಬಾರದ ನೀರನ್ನು ಹೊರಹಾಕುವ ಪ್ರಮೇಯವೇ ಇಲ್ಲವಲ್ಲ. ಇದರಿಂದಲೇ ಅರ್ಧ ಸಮಸ್ಯೆ ತೀರುವ ತೋಟಗಳಿವೆ.

ಗಡಿಯ ಮೂರು ನಾಲ್ಕು ಸಾಲುಗಳನ್ನು ತೋಟದ ಉಳಿದ ಭಾಗಕ್ಕಿಂತ ಬೇರೆಯಾಗಿ ನೋಡಿಕೊಳ್ಳಬೇಕು. ಔಷಧ ಹೊಡೆಯುವುದನ್ನು ಅಲ್ಲಿಂದಲೇ ಆರಂಭಿಸುವುದು, ಒಣಕೊನೆಗಳನ್ನು ಬೇಸಗೆಯಲ್ಲಿಯೇ ಇಳಿಸಿ ಸುಡುವುದು, ಉದುರಿದ ಕಾಯಿಯನ್ನು ವಾರಕ್ಕೊಮ್ಮೆ ಹೆಕ್ಕಿಸುವುದು. ದ್ರಾವಣದ ಗುಣವೂ ಮುಖ್ಯ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಒಳ್ಳೆಯ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಸುಣ್ಣ ಹಳೆಯದಾದರೆ ಲೆಕ್ಕ ತಪ್ಪುತ್ತದೆ. ಉಜ್ಜಿ ಹೊಳಪಾಗಿಸಿದ ಚಾಕುವಿನ ಅಲಗನ್ನು ದ್ರಾವಣದಲ್ಲಿ ಅದ್ದಿದಾಗ ಕೆಂಪು ಲೇಪ ಬಂದರೆ ಸುಣ್ಣ ಸಾಲದು ಎಂದರ್ಥ. ಮಾಡಿದ ದ್ರಾವಣವನ್ನು ಅಂದೇ ಮುಗಿಸಬೇಕು. ನಾಳೆಗೆ ಉಳಿಸಿದ್ದು ಕೆಲಸಕ್ಕೆ ಬಾರದು. ಬಿಸಿಲು ತೆರೆದುಕೊಂಡ ಅಂಚಿನ ಮರಗಳಿಗೆ ಮಳೆ ಮುಗಿಯುತ್ತಿದ್ದಂತೆ ಅಡಿಕೆ ಸೋಗೆಯನ್ನೋ ಹಾಳೆಯನ್ನೋ ಕಾಂಡಕ್ಕೆ ಕಟ್ಟುವುದು ಹಿರಿಯರ ಪದ್ಧತಿ, ಇಂದಿಗೂ ಅದಕ್ಕಿಂತ ಅಗ್ಗದ ಉಪಾಯವಿಲ್ಲ. ಜತೆಗೆ ಬೇಗ ಬೆಳೆಯುವ ಬಾಳೆಯನ್ನೂ ನಿಧಾನ ಬೆಳೆಯುವ ಮುರುಗಲನ್ನೂ ಒಟ್ಟಿಗೆ ನೆಟ್ಟರೆ ಬಾಳೆ ಹೋಗುವ ಹೊತ್ತಿಗೆ ಮುರುಗಲು ನೆರಳು ಕೊಡುತ್ತದೆ.

ಇಷ್ಟು ಮಾಡಿದ ಮೇಲೂ ಬಸಿಗಾಲುವೆಗೆ ಬೇರೆ ದಾರಿ ಸಿಗದಿದ್ದರೆ, ಅಣ್ಣನ ಮಾತು ಬೇಕೇ ಬೇಕು. ಬಹುತೇಕ ಕಣಿವೆ ತೋಟಗಳ ಸ್ಥಿತಿ ಇದೇ.

ಕೇಳುವ ಕಾಲವನ್ನು ಆರಿಸಿಕೊಳ್ಳಬೇಕು. ಕೊನೆ ಉದುರುತ್ತಿರುವ ಆಶ್ಲೇಷದಲ್ಲಿ ದೂರವಾಣಿ ಮಾಡಿದರೆ ಬರುವುದು ಜಗಳವೇ ಹೊರತು ಆಳಲ್ಲ. ಭೂಮಿ ಹುಣ್ಣಿಮೆಗೋ ದೀಪಾವಳಿಗೋ ಊರಿಗೆ ಬಂದಾಗ, ಕೊಯಿಲು ಕಣ್ಣೆದುರಿಗಿರುವಾಗ, ಇಬ್ಬರೂ ಕೂಡಿ ತೋಟಕ್ಕೆ ಇಳಿದು ನೋಡಿದರೆ ಹೆಚ್ಚು ಹೇಳಬೇಕಾಗಿಯೇ ಇಲ್ಲ. ಗಂಡಸರು ಮಾತು ಬಿಟ್ಟ ಮನೆಗಳಲ್ಲಿ ಹೆಂಗಸರ ನಡುವೆ ಮಾತು ಉಳಿದಿರುತ್ತದೆ. ಮದುವೆ, ಶ್ರಾದ್ಧಗಳ ಅಡಿಗೆಮನೆಯಲ್ಲಿ ಓರಗಿತ್ತಿಯರು ಇತ್ಯರ್ಥ ಮಾಡಿದ ತೋಟದ ತಗಾದೆಗಳು, ಪಂಚಾಯಿತಿಕೆಯಲ್ಲಿ ತೀರಿದವಕ್ಕಿಂತ ಹೆಚ್ಚಿರಬಹುದು. ಉದುರಿದ ಅಡಿಕೆಯನ್ನು ಹೆಕ್ಕಲು ತೋಟಕ್ಕೆ ಹೋಗುವವರೂ ಅವರೇ. ಯಾವ ಸಾಲಿನಲ್ಲಿ ಎಷ್ಟು ಉದುರಿದೆ ಎಂಬುದು ಯಜಮಾನರಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಕೇಳುವುದೂ ಸಣ್ಣದಾಗಿರಬೇಕು. “ನಿನ್ನ ತೋಟವನ್ನು ಸರಿಯಾಗಿ ನೋಡಿಕೋ” ಎಂಬುದು ಬೇಡಿಕೆಯಲ್ಲ, ಬೈಗುಳ. ತಮ್ಮನಿಗೆ ನಿಜವಾಗಿ ಬೇಕಾದದ್ದು ಅಣ್ಣನ ಇಡೀ ತೋಟದ ಉದ್ಧಾರವಲ್ಲ. ಹಿರಿಯ ಬಸಿಗಾಲುವೆಯೊಂದು ಹಳ್ಳದವರೆಗೆ ತೆರೆದಿರಬೇಕು, ಗಡಿಯ ಐದಾರು ಸಾಲುಗಳ ಒಣಕೊನೆ ಇಳಿಯಬೇಕು, ಆ ಸಾಲುಗಳಿಗೆ ಎರಡು ಬಾರಿ ಔಷಧ ಬೀಳಬೇಕು. ಇಷ್ಟಕ್ಕೆ ವರ್ಷದಲ್ಲಿ ಕೆಲವು ಆಳುಗಳ ಕೆಲಸ ಸಾಕು. ದೊಡ್ಡದನ್ನು ಕೇಳಿ ಇಲ್ಲವೆನ್ನಿಸಿಕೊಳ್ಳುವುದಕ್ಕಿಂತ ಇಷ್ಟನ್ನು ಕೇಳಿ ಪಡೆಯುವುದು ಜಾಣತನ.

ಭೂಮಿಯ ಹಕ್ಕಿನ ಹೆದರಿಕೆಗೆ ಉತ್ತರ ಒಂದು ಪುಟದ ಒಪ್ಪಿಗೆ ಪತ್ರ. ಕಾದಿಗೆ ತೆಗೆಯಲು, ಕೊಳೆತ ಕಾಯಿ ಮತ್ತು ಒಣಕೊನೆ ತೆಗೆಯಲು, ಔಷಧ ಸಿಂಪಡಿಸಲು ಮಾತ್ರ ಈ ವರ್ಷದ ಇಂಥ ತಿಂಗಳಿನಿಂದ ಇಂಥ ತಿಂಗಳವರೆಗೆ ಪ್ರವೇಶ. ಫಸಲು ಪೂರ್ಣವಾಗಿ ಒಡೆಯರದು. ಪಹಣಿಯ ಸಾಗುವಳಿದಾರರ ಕಲಮಿನಲ್ಲಿ ಯಾವ ಬದಲಾವಣೆಯೂ ಇಲ್ಲ, ಗೇಣಿಯೂ ಅಲ್ಲ, ಪಾಲುಗಾರಿಕೆಯೂ ಅಲ್ಲ. ಖರ್ಚಿನ ಹಂಚಿಕೆ ಇಷ್ಟಿಷ್ಟು. ಇಬ್ಬರ ಸಹಿ, ಇಬ್ಬರು ಸಾಕ್ಷಿಗಳು. ಪ್ರತಿ ವರ್ಷ ಹೊಸದಾಗಿ ಬರೆಯಬೇಕು. ಬರೆಯುವ ಮೊದಲು ಬಲ್ಲ ವಕೀಲರಿಗೆ ಒಮ್ಮೆ ತೋರಿಸುವುದು ಕ್ಷೇಮ. ಇಲ್ಲಿ ತಮ್ಮ ಪಾಲಿಸಬೇಕಾದ ಒಂದು ಕಟ್ಟುನಿಟ್ಟುಂಟು. ಅಣ್ಣನ ಮರದಿಂದ ಬಿದ್ದ ಒಂದು ಒಳ್ಳೆಯ ಅಡಿಕೆಯೂ ತನ್ನ ಅಂಗಳಕ್ಕೆ ಬರಕೂಡದು. ಖರ್ಚಿಗೆ ಬದಲಾಗಿ ನಾಲ್ಕು ಕೊನೆ ಇಳಿಸಿಕೊಂಡರೆ ಲೆಕ್ಕ ಸರಿಹೋಗಬಹುದು, ನಂಬಿಕೆ ಹೋಗುತ್ತದೆ.

ಖರ್ಚು ಯಾರದು? ನ್ಯಾಯವಾಗಿ ಅಣ್ಣನದು ಎನ್ನಬಹುದು. ಆದರೆ ಲೆಕ್ಕ ಹಾಕಿ ನೋಡಿದರೆ, ಮೂರನೆಯ ಸಿಂಪಡಣೆಗೆ, ಸತ್ತ ಮೆಣಸಿನ ಬಳ್ಳಿಗೆ, ಉದುರಿದ ಕೊನೆಗೆ ತಮ್ಮ ತೆರುತ್ತಿರುವ ಹಣದ ಮುಂದೆ ಬಸಿಗಾಲುವೆ ತೆಗೆಸುವ ಕೂಲಿ ಹಲವು ತೋಟಗಳಲ್ಲಿ ಚಿಕ್ಕದಾಗಿಯೇ ಇರುತ್ತದೆ. ಮೊದಲ ವರ್ಷ ಇಡೀ ಖರ್ಚನ್ನು ತಾನೇ ಹೊತ್ತು, ಚೀಟಿಗಳನ್ನು ಇಟ್ಟುಕೊಂಡು, ಮರುವರ್ಷ ಅರ್ಧ ಕೇಳುವುದು ಮಾರ್ಯಾದೆಗೂ ಕೊರತೆಯಲ್ಲ, ಲೆಕ್ಕಕ್ಕೂ ನಷ್ಟವಲ್ಲ. ಸದಾಕಾಲ ಒಬ್ಬನೇ ಹೊರುವುದನ್ನು ಮಾತ್ರ ಯಾರಿಗೂ ಸಲಹೆ ಮಾಡುವಂತಿಲ್ಲ. ಕೆಲವು ವರ್ಷಗಳಲ್ಲಿ ಅದು ಒಳಗೊಳಗೇ ಕಹಿಯಾಗುತ್ತದೆ.

ಕಾನೂನಿನ ಮಾತೂ ತಿಳಿದಿರಲಿ. ಮೇಲಿನ ಜಮೀನಿನಲ್ಲಿ ಸಹಜವಾಗಿ ಬಿದ್ದ, ಹುಟ್ಟಿದ ನೀರು ಕೆಳಗಿನ ಜಮೀನಿಗೆ ಸಹಜವಾಗಿ ಹರಿಯಲು ಕೆಳಗಿನವರು ಎಡೆಗೊಡಬೇಕೆಂಬ ತತ್ತ್ವವನ್ನು 1882ರ ಈಸ್‌ಮೆಂಟ್ ಕಾಯ್ದೆ ಒಪ್ಪುತ್ತದೆ. ರೋಗ ಹರಡುವ ಬೆಳೆಯ ಕುರಿತು 1968ರ ಕರ್ನಾಟಕ ಕೃಷಿ ಪೀಡೆ ಮತ್ತು ರೋಗಗಳ ಕಾಯ್ದೆ ಇದೆ. ಸರ್ಕಾರ ಒಂದು ರೋಗವನ್ನು ಒಂದು ಪ್ರದೇಶಕ್ಕೆ ಅಧಿಸೂಚನೆಯ ಮೂಲಕ ಘೋಷಿಸಿದರೆ, ಜಮೀನಿನ ಅನುಭೋಗದಾರರು ನಿವಾರಣಾ ಕ್ರಮ ಕೈಗೊಳ್ಳಲೇಬೇಕು. ಕೈಗೊಳ್ಳದಿದ್ದಲ್ಲಿ ಅಧಿಕಾರಿಗಳೇ ಮಾಡಿಸಿ ಖರ್ಚು ವಸೂಲು ಮಾಡಬಹುದು. ಕಾಗದದ ಮೇಲೆ ಇದು ಬಲವಾದ ಅಸ್ತ್ರ. ಆದರೆ ಕೊಳೆರೋಗ ಜುಲೈ ತಿಂಗಳಿನಲ್ಲಿ ಬರುತ್ತದೆ, ಕಾನೂನಿನ ನಡಿಗೆ ಬೇರೆ ಪಂಚಾಂಗದ್ದು. ದಾವೆ ಹೂಡಿದ ದಿನದಿಂದ ಅಣ್ಣತಮ್ಮಂದಿರ ಸಂಬಂಧವಂತೂ ಉಳಿಯುವುದಿಲ್ಲ. ಕಾಯ್ದೆ ಇದೆಯೆಂಬುದು ಮಾತುಕತೆಯಲ್ಲಿ ಗೊತ್ತಿದ್ದರೆ ಸಾಕು.

ತೋಟವೇ ಬೇಡವೆನ್ನುವ ಒಡೆಯರೂ ಇದ್ದಾರೆ. ಹಾಳು ಬಿಟ್ಟರೆ ತಾನಾಗಿ ಕಾಡಾಗುತ್ತದೆ, ಪರಿಸರಕ್ಕೆ ಒಳ್ಳೆಯದೇ ಆಯಿತಲ್ಲ ಎಂದು ಪರಿಸರವಾದಿಗಳನ್ನೇ ಕೆಣಕುತ್ತಾರೆ. ಈ ಪ್ರಶ್ನೆಗೆ ನೇರವಾಗಿ ಉತ್ತರಿಸಬೇಕು. ಬಿಟ್ಟ ತೋಟ ಕೆಲವು ವರ್ಷಗಳಲ್ಲಿ ಕಾಡಾಗುವುದಿಲ್ಲ. ಅಡಿಕೆ ಮರಗಳು ರೋಗವನ್ನು ತಲೆಯಲ್ಲಿ ಹೊತ್ತು ವರ್ಷಗಟ್ಟಲೆ ನಿಂತಿರುತ್ತವೆ, ಕೆಳಗೆ ಕಮ್ಯುನಿಸ್ಟ್ ಗಿಡ, ಲಂಟಾನ ಮುಚ್ಚುತ್ತವೆ, ಕಾಡುಹಂದಿಗೆ ಮನೆಯ ಹತ್ತಿರವೇ ಅಡಗುದಾಣವಾಗುತ್ತದೆ. ನಿಜವಾಗಿ ಕಾಡಿಗೆ ಮರಳಿಸುವ ಮನಸ್ಸಿದ್ದರೆ ಅದಕ್ಕೂ ದುಡಿಮೆ ಬೇಕು. ರೋಗದ ಮರಗಳನ್ನು ತೆಗೆದು, ಉಪ್ಪಾಗೆ, ಮುರುಗಲು, ಹಲಸು, ಅಪ್ಪೆಮಿಡಿಗಳನ್ನು ನೆಟ್ಟು, ಮೂರು ನಾಲ್ಕು ವರ್ಷ ಕಳೆ ಬಿಡಿಸಿ ಕಾಪಾಡಿದರೆ, ಆಳಿನ ಅಗತ್ಯ ಕಡಿಮೆಯಿರುವ ಒಳ್ಳೆಯ ಕಾಡುತೋಟವಾಗುತ್ತದೆ. ದೂರದ ಒಡೆಯರಿಗೆ ಅಡಿಕೆಗಿಂತ ಅದು ಹೊಂದುವ ಬೆಳೆ. ಅಲ್ಲಿಯೂ ಬಸಿಗಾಲುವೆ ಮಾತ್ರ ತೆರೆದಿರಲೇಬೇಕು.

ಒಂದು ಕೇರಿಯ ಎಲ್ಲ ತೋಟಗಳೂ ಒಂದೇ ಹಳ್ಳಕ್ಕೆ ಬಸಿಯುವಲ್ಲಿ ಇಬ್ಬರ ಒಪ್ಪಂದ ಸಾಲದು. ಮುಯ್ಯಾಳು ಪದ್ಧತಿ ಇದ್ದ ಕಾಲದಲ್ಲಿ ಹಳ್ಳದ ಬಾಯಿ ಬಿಡಿಸುವುದು ಊರೊಟ್ಟಿನ ಕೆಲಸವಾಗಿತ್ತು. ಸಾಮುದಾಯಿಕ ಸಂಪನ್ಮೂಲಗಳ ಅಧ್ಯಯನಕ್ಕಾಗಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಪಡೆದ ಎಲಿನಾರ್ ಆಸ್ಟ್ರಮ್ ಅವರು ನೀರು, ಕಾಡು, ಹುಲ್ಲುಗಾವಲುಗಳನ್ನು ಹಂಚಿಕೊಂಡ ಹಲವು ದೇಶಗಳ ಹಳ್ಳಿಗಳನ್ನು ಪರಿಶೀಲಿಸಿ 1990ರಲ್ಲಿ ಒಂದು ಕೃತಿ ಬರೆದರು. ಬಳಸುವವರೇ ನಿಯಮ ಮಾಡಿಕೊಂಡ ಕಡೆ, ತಪ್ಪಿದವರಿಗೆ ಮೊದಲ ದಂಡ ಬಹಳ ಚಿಕ್ಕದಾಗಿದ್ದ ಕಡೆ ವ್ಯವಸ್ಥೆ ಬಾಳಿತೆಂದು ಅವರು ಕಂಡುಕೊಂಡರು. ಮಲೆನಾಡಿನ ಹಿರಿಯರಿಗೆ ಇದು ಹೊಸ ಮಾತೇನಲ್ಲ. ಹೊಸದೆಂದರೆ ಊರಿನಲ್ಲಿ ಇಲ್ಲದ ಒಡೆಯ. ಅವನಿಗೆ ಮುಯ್ಯಾಳು ಕಳುಹಿಸಲಾಗದು, ಹಣ ಕಳುಹಿಸಬಹುದು. ಹಾಗಾಗಿ ಊರೊಟ್ಟಿನ ಕೆಲಸಕ್ಕೆ ಆಳಿನ ಲೆಕ್ಕದ ಜತೆಗೆ ಹಣದ ಲೆಕ್ಕವನ್ನೂ ಇಡಬೇಕಾಗಿದೆ. ಬೇರುಹುಳುವಿನ ದುಂಬಿಗಳು ಮೊದಲ ಮಳೆಯ ಮುಸ್ಸಂಜೆಯಲ್ಲಿ ಮಣ್ಣಿನಿ೦ದ ಎದ್ದು ಬರುವಾಗ ಕೇರಿಯ ಮಕ್ಕಳೆಲ್ಲ ಸೇರಿ ಹಿಡಿಯುವ ಕೆಲಸವೂ ಒಟ್ಟಿಗೆ ನಡೆದರೇ ಫಲ. ಒಂದು ತೋಟದಲ್ಲಿ ಹಿಡಿದು ಪಕ್ಕದ್ದನ್ನು ಬಿಟ್ಟರೆ ಶ್ರಮ ವ್ಯರ್ಥ.

ರೋಹಿಣಿ ಮಳೆಗೆ ಇನ್ನು ಹೆಚ್ಚು ದಿನಗಳಿಲ್ಲ. ತೋಟವಿರುವವರು ಈ ವಾರ ಹಳ್ಳದ ಬಾಯಿಯಿಂದ ಆರಂಭಿಸಿ ಮೇಲ್ಮುಖವಾಗಿ ಬಸಿಗಾಲುವೆಯ ಉದ್ದಕ್ಕೂ ಒಮ್ಮೆ ನಡೆದುಬರಲಿ. ಕೆಳಗಿನಿಂದ ಮೇಲಕ್ಕೆ ನಡೆದರೆ ನೀರು ಎಲ್ಲಿ ಕಟ್ಟುತ್ತದೆ ಎಂಬುದು ಬೇಗ ಕಾಣುತ್ತದೆ. ವಿದ್ಯಾರ್ಥಿಗಳು ಪೈಪು, ಎರಡು ಕೋಲು, ಒಂದು ನೋಟುಪುಸ್ತಕ ಹಿಡಿದು ಜತೆಗೆ ಹೋಗಲಿ. ಹೂಳು ತುಂಬಿದ ಜಾಗ, ಆಳ, ಅದು ಯಾರ ಪಾಲು ಎಂಬುದನ್ನು ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಲಿ. ಹಾಳೆಯ ಒಂದು ಪ್ರತಿ ಊರಿನಲ್ಲಿ ಉಳಿಯಲಿ, ಇನ್ನೊಂದು ಪ್ರತಿ ನಗರದಲ್ಲಿರುವ ಒಡೆಯರಿಗೆ ಹೋಗಲಿ. ಕಾಗದದೊಂದಿಗೆ ಅವರ ಮನೆಯ ಹಿತ್ತಲಿನ ಹಲಸಿನ ಹಪ್ಪಳವನ್ನೂ ಕಳುಹಿಸಿದರೆ ಉತ್ತರ ಬೇಗ ಬರುವ ಸಂಭವ ಹೆಚ್ಚು.